ಲಂಕೆಗೆ ಯಾವ ತಿಂಗಳು? ಮೊದಲು ಯಾವ ಕಡಲು ಅಂತ ಹೇಳಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ದೇಶದ ಬಗ್ಗೆ. ಮುಂಬೈಯಿಂದ ವಿಮಾನದಲ್ಲಿ ಸುಮಾರು ಎರಡೂವರೆ ಗಂಟೆ, ಗಡಿಯಾರದ ಮುಳ್ಳು ತಿರುಗಿಸುವ ಕೆಲಸವಿಲ್ಲ, ಊಟಕ್ಕೆ ಕೂತರೆ ಅನ್ನ ಮತ್ತು ತೆಂಗಿನಕಾಯಿ. ಹೀಗಾಗಿ ಶ್ರೀಲಂಕಾ ನಮ್ಮವರಿಗೆ ಪರದೇಶ ಅಂತಲೇ ಅನ್ನಿಸುವುದಿಲ್ಲ. ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: ಹೋಗಲಿಕ್ಕೆ ಒಳ್ಳೆಯ ತಿಂಗಳು ಯಾವುದು? ಬೇರೆ ದೇಶಗಳ ಪತ್ರಗಳನ್ನು ಬದಿಗಿಟ್ಟು ಈ ಸಲ ಲಂಕೆಯದ್ದನ್ನೇ ತೆಗೆದುಕೊಂಡಿದ್ದೇನೆ. ಥಾಯ್ಲೆಂಡಿನವರು ಸ್ವಲ್ಪ ತಾಳಿ.

ಡೊಂಬಿವಿಲಿಯಿಂದ ಒಬ್ಬ ಓದುಗರು: ಅಕ್ಕಾ, ನಾವಿಬ್ಬರು, ಮಕ್ಕಳಿಬ್ಬರು. ಮಗಳು ಏಳನೇ ಕ್ಲಾಸು, ಮಗ ಮೂರನೇ ಕ್ಲಾಸು. ನಮಗೆ ಸಿಗುವುದು ಮೂರೇ ರಜೆ: ಮೇ ತಿಂಗಳದ್ದು, ದೀಪಾವಳಿಯದ್ದು, ಕ್ರಿಸ್ಮಸ್‌ನದ್ದು. ಗೂಗಲ್ ಮಾಡಿದರೆ ಒಂದು ಕಡೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯದು ಅಂತಿದೆ. ಇನ್ನೊಂದು ಕಡೆ ಏಪ್ರಿಲ್‌ನಿಂದ ಸೆಪ್ಟೆಂಬರ್ ಅಂತಿದೆ. ಮತ್ತೊಬ್ಬ ವರ್ಷವಿಡೀ ಹೋಗಬಹುದು ಅನ್ನುತ್ತಾನೆ. ಯಾರನ್ನು ನಂಬುವುದು?

ಮೂವರೂ ನಿಜವನ್ನೇ ಹೇಳಿದ್ದಾರೆ. ತೊಂದರೆ ಇರುವುದೇ ಅಲ್ಲಿ.

ಮಳೆಗಾಲದಲ್ಲಿ ಮುಂಬೈಯಿಂದ ಪುಣೆಗೆ ರಸ್ತೆಯಲ್ಲಿ ಹೋಗಿದ್ದೀರಲ್ಲ, ಅದನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಖೋಪೋಲಿ ದಾಟಿ ಘಾಟಿ ಹತ್ತುವಾಗ ವೈಪರ್ ಎಷ್ಟು ಜೋರಾಗಿ ತಿರುಗಿದರೂ ಎದುರಿನ ಲಾರಿ ಕಾಣುವುದಿಲ್ಲ. ಲೋನಾವಳದಲ್ಲಿ ಗಾಡಿಯಿಂದಿಳಿದು ಚಿಕ್ಕಿ ಅಂಗಡಿಯೊಳಗೆ ಓಡುವಷ್ಟರಲ್ಲಿ ಮೈಯೆಲ್ಲ ಒದ್ದೆ. ಅಲ್ಲಿಂದ ಇನ್ನೊಂದು ಒಂದೂವರೆ ಗಂಟೆ, ಪುಣೆ ಬಂತು, ನೋಡಿದರೆ ರಸ್ತೆ ಒಣಗಿದೆ, ಜನ ಕೊಡೆಯಿಲ್ಲದೆ ಆರಾಮಾಗಿ ಓಡಾಡುತ್ತಿದ್ದಾರೆ. ಲೋನಾವಳಕ್ಕೆ ವರ್ಷಕ್ಕೆ 4,000 ಮಿಲಿಮೀಟರಿಗೂ ಜಾಸ್ತಿ ಮಳೆ, ಪುಣೆಗೆ 700ರ ಆಸುಪಾಸು. ಕಡಲಿನಿಂದ ಬಂದ ಮೋಡದ ನೀರನ್ನೆಲ್ಲ ಸಹ್ಯಾದ್ರಿ ತನ್ನ ಪಶ್ಚಿಮದ ಮಗ್ಗುಲಿಗೇ ಸುರಿಸಿಕೊಂಡುಬಿಡುತ್ತದೆ. ಊರಿನ ಲೆಕ್ಕದಲ್ಲಿ ಹೇಳುವುದಾದರೆ ಆಗುಂಬೆ ಮತ್ತು ಚಿತ್ರದುರ್ಗ.

ಶ್ರೀಲಂಕಾದಲ್ಲೂ ಇದೇ ನಡೆಯುತ್ತದೆ. ಆದರೆ ವರ್ಷಕ್ಕೆ ಎರಡು ಸಲ, ಎರಡು ದಿಕ್ಕಿನಿಂದ. ದೇಶದ ಮಧ್ಯಭಾಗದಲ್ಲಿ, ಸ್ವಲ್ಪ ದಕ್ಷಿಣಕ್ಕೆ, ಗುಡ್ಡಗಳ ದೊಡ್ಡ ಗುಂಪೊಂದಿದೆ. ಅದರಲ್ಲಿ ಎಲ್ಲಕ್ಕಿಂತ ಎತ್ತರದ್ದು ಪಿದುರುತಲಾಗಲ, 2,524 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಆರುನೂರು ಮೀಟರಿನಷ್ಟು ಮೇಲೆ. ಮೇ ತಿಂಗಳ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದಿಂದ ಮುಂಗಾರು ಬರುತ್ತದೆ. ಜೂನ್ 1ರ ಹೊತ್ತಿಗೆ ಕೇರಳಕ್ಕೂ 11ರ ಹೊತ್ತಿಗೆ ಮುಂಬೈಗೂ ಬರುವ ಅದೇ ಮಳೆ, ಲಂಕೆಗೆ ಅದಕ್ಕೂ ಮೊದಲೇ ಇಳಿದಿರುತ್ತದೆ. ಆಗ ಕೊಲಂಬೊ, ಬೆಂಟೋಟ, ಗಾಲೆ, ರತ್ನಪುರ ಎಲ್ಲ ನೆನೆಯುತ್ತವೆ. ಗುಡ್ಡ ಹತ್ತಿ ಆಚೆ ಇಳಿಯುವಷ್ಟರಲ್ಲಿ ಗಾಳಿಯಲ್ಲಿ ನೀರೇ ಉಳಿದಿರುವುದಿಲ್ಲ. ಪೂರ್ವದ ಕರಾವಳಿಗೆ ಬರುವುದು ಬರೀ ಬಿಸಿ ಒಣಗಾಳಿ, ಅದಕ್ಕೆ ಅಲ್ಲಿ ಕಚ್ಚಾನ್ ಅಂತಲೇ ಹೆಸರು. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಎಲ್ಲ ಉಲ್ಟಾ. ಬಂಗಾಳ ಕೊಲ್ಲಿಯ ಕಡೆಯಿಂದ ಈಶಾನ್ಯದ ಗಾಳಿ, ಅಂದರೆ ಹಿಂಗಾರು. ಆಗ ಟ್ರಿಂಕೋಮಲಿ, ಬಟ್ಟಿಕಲೋವ, ಜಾಫ್ನಾ ಕಡೆ ಮಳೆ, ಗಾಲೆಯ ಕಡೆ ಕಡಲು ಕೆರೆಯ ಹಾಗೆ. ಲಂಕೆಯ ರೈತರಿಗೂ ನಮ್ಮ ಹಾಗೆ ಎರಡು ಬೆಳೆ: ಮುಂಗಾರಿನದ್ದು ಯಲ, ಹಿಂಗಾರಿನದ್ದು ಮಹಾ. ಅಲ್ಲಿ ಹಿಂಗಾರಿನದ್ದೇ ದೊಡ್ಡ ಬೆಳೆ, ಅದು ಹೆಸರಿನಲ್ಲೇ ಗೊತ್ತಾಗುತ್ತದೆ.

ಹೀಗಿರುವಾಗ "ಶ್ರೀಲಂಕಾಕ್ಕೆ ಯಾವ ತಿಂಗಳು ಒಳ್ಳೆಯದು" ಅಂತ ಕೇಳುವುದು "ಮಹಾರಾಷ್ಟ್ರಕ್ಕೆ ಯಾವ ತಿಂಗಳು ಒಳ್ಳೆಯದು" ಅಂತ ಕೇಳಿದ ಹಾಗೆ. ಕೊಂಕಣಕ್ಕಾ, ನಾಗಪುರಕ್ಕಾ? ಇಡೀ ದೇಶ 65,610 ಚದರ ಕಿಲೋಮೀಟರ್, ಕರ್ನಾಟಕದ ಮೂರನೇ ಒಂದು ಪಾಲು. ಇಷ್ಟು ಚಿಕ್ಕ ಜಾಗದಲ್ಲಿ ಎರಡು ಹವೆ ಇರಬಹುದು ಅಂತ ಯಾರಿಗೂ ತೋಚುವುದಿಲ್ಲ, ನನಗೂ ತೋಚಿರಲಿಲ್ಲ.

ನಾನು ಇದನ್ನು ದುಡ್ಡು ಕೊಟ್ಟು ಕಲಿತವಳು. ಮೊದಲ ಸಲ ಹೋದದ್ದು ಜೂನ್ ಮೊದಲ ವಾರ, ಮಗನ ಶಾಲೆ ಶುರುವಾಗುವ ಮುಂಚೆ. ಇಲ್ಲಿನ ಒಬ್ಬ ಏಜೆಂಟ್ "ಆಫ್ ಸೀಸನ್ ಆಫರ್, ಬೆಂಟೋಟದಲ್ಲಿ ನಾಲ್ಕು ರಾತ್ರಿ" ಅಂತ ಹೊಳೆಯುವ ಕಾಗದವೊಂದನ್ನು ಮುಂದಿಟ್ಟ. ಚಿತ್ರದಲ್ಲಿ ನೀಲಿ ನೀರು, ತೆಂಗಿನ ಮರಕ್ಕೆ ಕಟ್ಟಿದ ಉಯ್ಯಾಲೆ. ಹೋಗಿ ನೋಡಿದರೆ ಉಯ್ಯಾಲೆ ಇತ್ತು, ಸುಳ್ಳು ಹೇಳಬಾರದು. ನೀರು ಮಾತ್ರ ಜುಲೈ ತಿಂಗಳ ಜುಹೂ ಬಣ್ಣ. ದಂಡೆಯ ಮೇಲೆ ಕೆಂಪು ಬಾವುಟ, ನಾಲ್ಕು ದಿನವೂ ಅದು ಇಳಿಯಲಿಲ್ಲ. ನಾವು ರೂಮಿನಲ್ಲಿ ಕೂತು ಇಸ್ಪೀಟು ಆಡಿದೆವು. ಯಜಮಾನರು ಮೂರನೇ ದಿನ ಬಾಲ್ಕನಿಯಿಂದಲೇ ಕಡಲನ್ನು ನೋಡುತ್ತಾ "ಇದನ್ನೇ ನೋಡುವುದಾದರೆ ಮರೀನ್ ಡ್ರೈವ್‌ನಲ್ಲಿ ಸುಟ್ಟ ಜೋಳ ತಿನ್ನುತ್ತಾ ನೋಡಬಹುದಿತ್ತು" ಅಂದರು. ಆ ಮಾತು ನಮ್ಮ ಮನೆಯಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ, ಯಾವುದೇ ಖರ್ಚು ದಂಡವಾದಾಗ ಹೊರಗೆ ಬರುತ್ತದೆ. ಹೊಟ್ಟೆ ಉರಿಯುವುದು ಯಾಕೆಂದರೆ, ಆ ನಾಲ್ಕು ದಿನವೂ ಗುಡ್ಡದ ಆಚೆ ಬದಿಯಲ್ಲಿ ಬಿಸಿಲಿತ್ತು. ಏಜೆಂಟನ ಮೇಲೆ ಸಿಟ್ಟು ಬಂದದ್ದು ಮಳೆಗಲ್ಲ. ಅದೇ ಏಜೆಂಟ್ ಅದೇ ದುಡ್ಡಿಗೆ ನಮ್ಮನ್ನು ಟ್ರಿಂಕೋಮಲಿಗೆ ಕಳಿಸಬಹುದಿತ್ತು, ಅದಕ್ಕೆ.

ಈಗ ನಿಮ್ಮ ಮೂರು ರಜೆಗೆ ಬರೋಣ.

ಮೇ ರಜೆಯಾದರೆ ಪೂರ್ವಕ್ಕೆ ಹೋಗಿ, ಕಣ್ಣು ಮುಚ್ಚಿಕೊಂಡು. ವಿಮಾನ ಇಳಿಯುವ ಕಟುನಾಯಕೆ ಕೊಲಂಬೊದಿಂದ ಮೂವತ್ತು ಕಿಲೋಮೀಟರ್ ಉತ್ತರಕ್ಕೆ ಇದೆ. ಕೊಲಂಬೊ ಮುಟ್ಟದೆಯೇ ಕುರುಣೇಗಲದ ಮೇಲೆ ದಂಬುಲ್ಲದ ಕಡೆ ಹೊರಟುಬಿಡಿ. ಸಿಗಿರಿಯ ಬಂಡೆಯನ್ನು ಬೆಳಗ್ಗೆ ಬಾಗಿಲು ತೆಗೆದ ತಕ್ಷಣ ಹತ್ತಬೇಕು, ಸುಮಾರು 1,200 ಮೆಟ್ಟಿಲು, ಒಂಬತ್ತು ಗಂಟೆ ದಾಟಿದರೆ ಬಂಡೆ ಕಾವಲಿಯಾಗುತ್ತದೆ. ಐದನೇ ಶತಮಾನದಲ್ಲಿ ಕಾಶ್ಯಪ ಅನ್ನುವ ರಾಜ ತಂದೆಯನ್ನು ಕೊಲ್ಲಿಸಿ, ತಮ್ಮನಿಗೆ ಹೆದರಿ ಈ ಬಂಡೆಯ ನೆತ್ತಿಯ ಮೇಲೆ ಅರಮನೆ ಕಟ್ಟಿಕೊಂಡು ಕೂತ ಅಂತ ಅವರ ಹಳೆಯ ಕಥೆ ಹೇಳುತ್ತದೆ. ಮೂರನೇ ಕ್ಲಾಸಿನವನಿಗೆ ಆ ಕಥೆ ಹೇಳುತ್ತಾ ಹೋಗಿ, ಮೆಟ್ಟಿಲು ಗೊತ್ತಾಗುವುದಿಲ್ಲ. ಅಲ್ಲಿಂದ ನಿಲಾವೆಲಿ. ಎದುರಿಗೇ ಪಾರಿವಾಳ ದ್ವೀಪ, ಹವಳದ ನಡುವೆ ಮೀನು ನೋಡಬಹುದು. ಮಕ್ಕಳು ಚಿಕ್ಕವರಾದರೆ ಪಾಸಿಕುಡಾ ಇನ್ನೂ ಒಳ್ಳೆಯದು, ಅಲ್ಲಿ ಕಡಲೊಳಗೆ ತುಂಬಾ ದೂರ ನಡೆದರೂ ನೀರು ಸೊಂಟ ದಾಟುವುದಿಲ್ಲ.

ಒಂದು ಎಚ್ಚರಿಕೆ. ಶಾಲೆ ಬೇಗ ಮುಗಿಯಿತು ಅಂತ ಏಪ್ರಿಲ್ 13, 14ಕ್ಕೆ ಹೊರಡಬೇಡಿ. ನಮಗೆ ಬಿಸು ಇದ್ದ ಹಾಗೆ ಅವತ್ತೇ ಸಿಂಹಳೀಯರಿಗೂ ಅಲ್ಲಿನ ತಮಿಳರಿಗೂ ಹೊಸ ವರ್ಷ. ಹಳೆ ವರ್ಷ ಹೋಗಿ ಹೊಸ ವರ್ಷ ಬರುವ ನಡುವಿನ ಕೆಲವು ಗಂಟೆ ಅವರು ಒಲೆ ಕೂಡ ಹಚ್ಚುವುದಿಲ್ಲ. ಅಂಗಡಿ ಮುಂಗಟ್ಟು ಎರಡು ಮೂರು ದಿನ ಮುಚ್ಚಿರುತ್ತವೆ, ಡ್ರೈವರ್‌ಗಳು ಊರಿಗೆ ಹೋಗಿರುತ್ತಾರೆ. ಯಾರದಾದರೂ ಮನೆಗೆ ಕರೆದರೆ ಮಾತ್ರ ಆ ದಿನ ಲಂಕೆಯಲ್ಲಿರುವುದು ಚಂದ.

ದೀಪಾವಳಿ ರಜೆ ಬೇಡ. ಅಕ್ಟೋಬರ್, ನವೆಂಬರ್ ಎರಡು ಮಳೆಗಳ ನಡುವಿನ ಕಾಲ, ಆಗ ಯಾವ ಬದಿಯೂ ಒಣಗಿರುವುದಿಲ್ಲ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಏಳುವುದೂ ಆಗಲೇ. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಬಂದು ಗುಡ್ಡ ಕುಸಿದು ನೂರಾರು ಜನ ಸತ್ತರು, ಗುಡ್ಡನಾಡಿನ ರಸ್ತೆ, ರೈಲು ಹಳಿ ಎಲ್ಲ ಹಾಳಾದವು. ಪ್ರತಿ ವರ್ಷ ಹಾಗಾಗುತ್ತದೆ ಅಂತಲ್ಲ. ಆದರೆ ಮಕ್ಕಳನ್ನು ಕಟ್ಟಿಕೊಂಡು ಹೋಗುವವರಿಗೆ ನಾನು ಆ ತಿಂಗಳು ಹೇಳಲಾರೆ. ದೀಪಾವಳಿಗೆ ಊರಿಗೆ ಹೋಗಿ, ಅಜ್ಜಿಗೂ ಖುಷಿ.

ಕ್ರಿಸ್ಮಸ್ ರಜೆಯಲ್ಲಿ ದಕ್ಷಿಣದ ಕಡಲು: ಹಿಕ್ಕಡುವ, ಉನವಟುನ, ಮಿರಿಸ್ಸ, ಗಾಲೆಯ ಡಚ್ಚರ ಕೋಟೆ. ಮಿರಿಸ್ಸದಿಂದ ಬೆಳಗ್ಗೆ ದೋಣಿಯಲ್ಲಿ ಹೋದರೆ ನೀಲಿ ತಿಮಿಂಗಿಲ ಕಾಣಬಹುದು, ನವೆಂಬರ್‌ನಿಂದ ಏಪ್ರಿಲ್‌ವರೆಗೆ ಅದರ ಕಾಲ. ಭೂಮಿಯ ಮೇಲಿನ ಎಲ್ಲಕ್ಕಿಂತ ದೊಡ್ಡ ಪ್ರಾಣಿ. ಹೊರಡುವ ಮುಂಚೆ ಎಲ್ಲರೂ ವಾಂತಿ ಮಾತ್ರೆ ತೆಗೆದುಕೊಳ್ಳಿ, "ನನಗೇನೂ ಆಗುವುದಿಲ್ಲ" ಅನ್ನುವವರು ಎರಡು ತೆಗೆದುಕೊಳ್ಳಲಿ, ಸುಮ್ನೆ ತಮಾಷೆಗೆ ಹೇಳಿದೆ, ಒಂದೇ ಸಾಕು. ಆದರೆ ಆ ಹತ್ತು ದಿನ ಯುರೋಪಿನ ಚಳಿ ತಪ್ಪಿಸಿಕೊಂಡು ಬಂದವರೆಲ್ಲ ಅಲ್ಲೇ ಇರುತ್ತಾರೆ, ರೂಮಿನ ಬಾಡಿಗೆ ಆಕಾಶದಲ್ಲಿ. ಟಿಕೆಟ್ಟಿಗೂ ಮೊದಲು ರೂಮು ನೋಡಿ. ಸಿಗಿರಿಯವನ್ನು ಆ ಸಲದ ಪಟ್ಟಿಯಿಂದ ಬಿಡಿ, ಆ ಕಡೆ ಹಿಂಗಾರು ಇರುತ್ತದೆ.

ನಿಜವಾಗಿ ಕೇಳಿದರೆ ಎರಡೂ ಬದಿ ಒಟ್ಟಿಗೆ ಹೊಂದುವುದು ಫೆಬ್ರುವರಿ ಕೊನೆ ಮತ್ತು ಮಾರ್ಚ್. ಆಗ ನಿಮ್ಮ ಮಕ್ಕಳಿಗೆ ಪರೀಕ್ಷೆ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಘಾಟ್ಕೋಪರ್‌ನಿಂದ ಹೋಟೆಲ್ ನಡೆಸುವ ಒಬ್ಬರು: ಅಕ್ಕ, ನಮ್ಮ ಕಷ್ಟ ನಿಮಗೆ ಗೊತ್ತಿದ್ದದ್ದೇ. ಗಣಪತಿ, ನವರಾತ್ರಿ, ದೀಪಾವಳಿ, ಡಿಸೆಂಬರ್, ಯಾವಾಗಲೂ ಗಲ್ಲಾ ಬಿಟ್ಟು ಏಳುವ ಹಾಗಿಲ್ಲ. ಜುಲೈ ಕೊನೆ, ಆಗಸ್ಟ್ ಶುರುವಿನಲ್ಲಿ ಮಾತ್ರ ತಮ್ಮನ ಕೈಗೆ ಬಿಟ್ಟು ಎಂಟು ದಿನ ಹೋಗಬಹುದು. ಎಲ್ಲರೂ "ಆಟಿಯಲ್ಲಿ ಲಂಕೆಗಾ, ಮಳೆಯಲ್ಲಿ ಏನು ನೋಡ್ತೀಯಾ" ಅಂತ ನಗುತ್ತಾರೆ. ನಾವು ಸಸ್ಯಾಹಾರಿಗಳು ಬೇರೆ.

ನಗುವವರಿಗೆ ಏನೂ ಹೇಳಬೇಡಿ, ವಾಪಸ್ ಬಂದು ಫೋಟೋ ತೋರಿಸಿ. ಈ ಸಲದ ಪತ್ರಗಳಲ್ಲಿ ನನಗೆ ಹೊಟ್ಟೆಕಿಚ್ಚು ತರಿಸಿದ್ದು ನಿಮ್ಮದೊಂದೇ.

ಆ ದಿನಗಳಲ್ಲಿ ಅನುರಾಧಪುರ, ಪೊಲೊನ್ನರುವ, ಸಿಗಿರಿಯ, ಟ್ರಿಂಕೋಮಲಿ ಎಲ್ಲ ಒಣಭೂಮಿ. ಪೊಲೊನ್ನರುವದ ಹತ್ತಿರ ಮಿನ್ನೇರಿಯ ಅನ್ನುವ ಕೆರೆ ಇದೆ, ಮೂರನೇ ಶತಮಾನದಲ್ಲಿ ಮಹಾಸೇನ ಅನ್ನುವ ರಾಜ ಕಟ್ಟಿಸಿದ್ದು. ಕೆರೆ ಅಂದರೆ ನಮ್ಮ ಕಣ್ಣಿಗೆ ಅದು ಜಲಾಶಯವೇ. ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದಾಗ ಅಂಚಿನಲ್ಲಿ ಹಸಿರು ಹುಲ್ಲು ಎದ್ದು ಆನೆ ಹಿಂಡು ಬರುವುದಿಲ್ಲವೇ, ಅಲ್ಲಿ ಅದೇ ಜುಲೈನಿಂದ ಸೆಪ್ಟೆಂಬರ್‌ವರೆಗೆ. ಸುತ್ತಲಿನ ಕಾಡೆಲ್ಲ ಒಣಗಿ ಆನೆಗಳು ಈ ಒಂದು ಕೆರೆಗೆ ಇಳಿಯುತ್ತವೆ. ಒಂದು ಸಂಜೆಗೆ ನೂರಕ್ಕೂ ಹೆಚ್ಚು ಆನೆ, ಮರಿಗಳು ಅಮ್ಮನ ಕಾಲಿನ ನಡುವೆ. ಈಚಿನ ಕೆಲವು ವರ್ಷಗಳಲ್ಲಿ ಬೇರೆ ಜಲಾಶಯದ ನೀರು ಹರಿದು ಬಂದು ಕೆರೆ ಒಣಗದೆ ಉಳಿದಾಗ ಹುಲ್ಲೂ ಇಲ್ಲ, ಆನೆಯೂ ಅಷ್ಟಿಲ್ಲ ಅಂತಾಗಿದೆ. ಹಾಗಾದಾಗ ಅವು ಪಕ್ಕದ ಕೌಡುಲ್ಲಕ್ಕೋ ಹುರುಲು ಕಾಡಿಗೋ ಹೋಗಿರುತ್ತವೆ. ಜೀಪಿನವರಿಗೆ ಅವತ್ತಿನ ಸುದ್ದಿ ಗೊತ್ತಿರುತ್ತದೆ. ಅದಕ್ಕೆ ಸಫಾರಿ ಟಿಕೆಟನ್ನು ಮುಂಬೈಯಲ್ಲೇ ಕೂತು ತೆಗೆಯಬೇಡಿ, ಅಲ್ಲಿ ಹೋಗಿ ಕೇಳಿ.

ಇನ್ನು ಕ್ಯಾಂಡಿಯ ಎಸಲ ಪೆರಹೆರ. ಬುದ್ಧನ ಹಲ್ಲನ್ನು ಇಟ್ಟಿರುವ ದಳದಾ ಮಾಳಿಗಾವದ ಹಬ್ಬ. ರಾತ್ರಿ ಹೊತ್ತು ಪಂಜಿನ ಬೆಳಕಿನಲ್ಲಿ ಅಲಂಕಾರ ಮಾಡಿದ ಆನೆಗಳ ಸಾಲು, ಡೋಲು, ಚಾಟಿ ಬೀಸುವವರು, ಕುಣಿಯುವವರು, ಎಲ್ಲದರ ನಡುವೆ ಕರಂಡಕ ಹೊತ್ತ ದೊಡ್ಡ ದಂತದ ಆನೆ. ಮೈಸೂರಿನ ಜಂಬೂ ಸವಾರಿ ನೋಡಿದವರಿಗೆ ಕಣ್ಣು ಅರಳುತ್ತದೆ, ಇದು ದಿನಕ್ಕಿಷ್ಟು ದೊಡ್ಡದಾಗುತ್ತಾ ಹತ್ತು ರಾತ್ರಿ ನಡೆಯುತ್ತದೆ. ಮುಗಿಯುವುದು ಸಾಮಾನ್ಯವಾಗಿ ಅವರ ನಿಕಿಣಿ ಹುಣ್ಣಿಮೆಗೆ. ಅದು ನಮ್ಮ ನೂಲ ಹುಣ್ಣಿಮೆ, ಮುಂಬೈಯ ಕೋಳಿ ಜನಾಂಗದ ಮೀನುಗಾರರು ಕಡಲಿಗೆ ತೆಂಗಿನಕಾಯಿ ಬಿಡುವ ನಾರಳಿ ಪೂರ್ಣಿಮೆ. ಅಧಿಕ ಮಾಸ ಬಂದ ವರ್ಷ ಆಗಸ್ಟ್ ಕೊನೆಗೆ ಹೋಗುತ್ತದೆ, ಆಗ ನಿಮ್ಮ ಎಂಟು ದಿನಕ್ಕೆ ಸಿಗಲಿಕ್ಕಿಲ್ಲ. ಕೊನೆಯ ಎರಡು ಮೂರು ರಾತ್ರಿ ಕ್ಯಾಂಡಿಯಲ್ಲಿ ರೂಮು ಸಿಗುವುದು ಕಷ್ಟ, ರಸ್ತೆ ಬದಿಯ ಕುರ್ಚಿಗೂ ದುಡ್ಡು ಕೇಳುತ್ತಾರೆ. ನಾನು ಹೇಳುವುದು ನಾಲ್ಕನೆಯದೋ ಐದನೆಯದೋ ರಾತ್ರಿ ನೋಡಿ ಅಂತ. ಜನ ಕಡಿಮೆ, ಆನೆ ಆಗಲೇ ಸಾಕಷ್ಟು. ಕ್ಯಾಂಡಿಯಲ್ಲಿ ಆಗ ಸಣ್ಣ ಮಳೆ ಬರಬಹುದು, ಒಂದು ಕೊಡೆ ಇರಲಿ. ನೀವು ಘಾಟ್ಕೋಪರ್‌ನವರು, ಅದನ್ನು ಮಳೆ ಅಂತ ಕರೆಯಲಿಕ್ಕಿಲ್ಲ.

ಊಟದ ವಿಷಯ. ಅನ್ನ, ಬೇಳೆ, ಹಲಸಿನಕಾಯಿ ಪಲ್ಯ, ಅಪ್ಪ, ಒತ್ತು ಶ್ಯಾವಿಗೆ ಎಲ್ಲ ಸಿಗುತ್ತದೆ, ನಿಮ್ಮ ಅಡುಗೆಭಟ್ಟರೂ ಮೆಚ್ಚಬಹುದು. ಆದರೆ ಪೊಳ್ ಸಂಬೋಲ್ ಅನ್ನುವ ತೆಂಗಿನಕಾಯಿ ಚಟ್ನಿ ನೋಡಿ ಮೋಸ ಹೋಗಬೇಡಿ, ಅದರಲ್ಲಿ ಉಂಬಲಕಡ ಅನ್ನುವ ಒಣಮೀನಿನ ಪುಡಿ ಹಾಕುವುದು ಅಲ್ಲಿನ ವಾಡಿಕೆ. ತರಕಾರಿ ಪಲ್ಯಕ್ಕೂ ಒಮ್ಮೊಮ್ಮೆ ಹಾಕುತ್ತಾರೆ. "ಉಂಬಲಕಡ ಬೇಡ" ಅಂತ ಆ ಹೆಸರು ಹಿಡಿದೇ ಹೇಳಿ, ಬರೀ "ವೆಜ್" ಅಂದರೆ ಸಾಲದು. ಕೊಲಂಬೊದ ವೆಳ್ಳವತ್ತೆಯಲ್ಲಿ ತಮಿಳರ ಶುದ್ಧ ಸಸ್ಯಾಹಾರಿ ಹೋಟೆಲ್‌ಗಳಿವೆ, ಟ್ರಿಂಕೋಮಲಿಯಲ್ಲೂ ಇವೆ.

ಪುಣೆಯ ಪಿಂಪ್ರಿಯಿಂದ, ಮೂಲ ವಿಜಯಪುರದ ಕಡೆಯವರು: ಅಕ್ಕಾರಿಗೆ ಶರಣು. ಅಪ್ಪನಿಗೆ 74, ಅವ್ವನಿಗೆ 69. ಅವ್ವನಿಗೆ ಸೀತಮ್ಮ ಇದ್ದ ಜಾಗ ನೋಡಬೇಕು ಅನ್ನುವ ಆಸೆ ಬಹಳ ವರ್ಷದ್ದು. ಮಂಡಿ ನೋವಿದೆ, ಚಳಿ ತಡೆಯುವುದಿಲ್ಲ. ನನಗೆ ಆಫೀಸಿನಲ್ಲಿ ಯಾವಾಗ ಬೇಕಾದರೂ ರಜೆ ಸಿಗುತ್ತದೆ. ಶ್ರೀಪಾದ ಬೆಟ್ಟವನ್ನೂ ಏರಬಹುದೇ?

ನಿಮಗೆ ರಜೆಯ ಕಟ್ಟಿಲ್ಲ ಅಂದಮೇಲೆ ಮಾರ್ಚ್ ಮೊದಲೆರಡು ವಾರ ಹಿಡಿಯಿರಿ. ಸೀತಾ ಎಳಿಯದ ಗುಡಿ ಇರುವುದು ನುವರ ಎಳಿಯದಿಂದ ಸ್ವಲ್ಪವೇ ದೂರ, ರಸ್ತೆಯ ಪಕ್ಕದಲ್ಲೇ, ಹಿಂದೆ ತೊರೆ ಹರಿಯುತ್ತದೆ. ಹೆಚ್ಚು ನಡೆಯಬೇಕಾಗಿಲ್ಲ. ಅದರಾಚೆ ಹಕ್‌ಗಲ ಹೂತೋಟ, ಅದೇ ಅಶೋಕವನ ಅಂತ ಅಲ್ಲಿಯವರು ತೋರಿಸುತ್ತಾರೆ.

ನುವರ ಎಳಿಯ 1,868 ಮೀಟರ್ ಎತ್ತರದಲ್ಲಿದೆ. ಲಂಕೆ ಅಂದರೆ ಸೆಕೆ ಅಂತ ತಿಳಿದು ಜನವರಿಯಲ್ಲಿ ಹೋದವರು ಅಲ್ಲಿ ನಡುಗಿದ್ದಾರೆ, ಕೆಲವು ಮುಂಜಾವು ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತದೆ. ಮಾರ್ಚ್‌ನಲ್ಲೂ ರಾತ್ರಿ ಸ್ವೆಟರ್ ಬೇಕೇ ಬೇಕು. ಏಪ್ರಿಲ್‌ಗೆ ತಳ್ಳಬೇಡಿ. ಆ ತಿಂಗಳು ಕೊಲಂಬೊದವರೆಲ್ಲ ಸೆಕೆ ತಡೆಯದೆ ಹೂವಿನ ಪ್ರದರ್ಶನ, ಕುದುರೆ ರೇಸ್ ಅಂತ ಅಲ್ಲಿಗೇ ಬಂದು ತುಂಬುತ್ತಾರೆ, ನಮ್ಮ ಮಹಾಬಳೇಶ್ವರ ಮೇ ತಿಂಗಳಲ್ಲಿ ಇರುತ್ತದಲ್ಲ, ಹಾಗೆ.

ಶ್ರೀಪಾದ ಬೇಡ. ಸುಮಾರು 5,500 ಮೆಟ್ಟಿಲು, ಎತ್ತರ 2,243 ಮೀಟರ್, ಸೂರ್ಯೋದಯ ನೋಡಲಿಕ್ಕೆ ನಡುರಾತ್ರಿ ಏರಲು ಶುರುಮಾಡಬೇಕು. ಡಿಸೆಂಬರ್ ಹುಣ್ಣಿಮೆಯಿಂದ ಮೇ ತಿಂಗಳ ವೈಶಾಖ ಹುಣ್ಣಿಮೆವರೆಗೆ ಅದರ ಯಾತ್ರೆ ಕಾಲ, ದಾರಿಗೆ ದೀಪ ಇರುವುದು, ಚಹಾ ಅಂಗಡಿ ತೆರೆದಿರುವುದು ಆಗ ಮಾತ್ರ. ನಿಮಗೆ ಆಸೆಯಿದ್ದರೆ ನೀವೊಬ್ಬರೇ ಹೋಗಿ ಬನ್ನಿ, ಅಪ್ಪ ಅವ್ವ ಕೆಳಗೆ ರೂಮಿನಲ್ಲಿ ಮಲಗಿರಲಿ. ಕ್ಯಾಂಡಿಯಿಂದ ನುವರ ಎಳಿಯದ ನಿಲ್ದಾಣವಾದ ನಾನುಓಯಕ್ಕೆ ಚಹಾ ತೋಟಗಳ ನಡುವಿನ ರೈಲು ಹಿರಿಯರಿಗೆ ಕಾರಿಗಿಂತ ಸುಖ, ತಿರುವುಗಳಲ್ಲಿ ಹೊಟ್ಟೆ ತೊಳಸುವುದಿಲ್ಲ. ದಿತ್ವಾದಲ್ಲಿ ಕೆಟ್ಟ ಹಳಿಗಳ ಮೇಲೆ ರೈಲು ಎಲ್ಲಿಂದ ಎಲ್ಲಿಗೆ ಓಡುತ್ತಿದೆ ಅಂತ ಟಿಕೆಟ್ಟಿಗೆ ಮುಂಚೆ ವಿಚಾರಿಸಿ. ಹಾಗೆಯೇ ವೀಸಾ ನಿಯಮ ಆಗಾಗ ಬದಲಾಗುತ್ತದೆ, ಲಂಕಾ ಸರ್ಕಾರದ ಜಾಲತಾಣದಲ್ಲೇ ನೋಡಿ, ಗುರುತಿನವರ ವಾಟ್ಸಾಪ್ ಮೆಸೇಜಿನಲ್ಲಿ ಅಲ್ಲ.

ಗೋವಾದ ವಾಸ್ಕೊದಿಂದ ರೆಸಾರ್ಟ್ ಒಂದರಲ್ಲಿ ಕೆಲಸ ಮಾಡುವ ಓದುಗ: ನಮಗೆ ಸೀಸನ್ ಮುಗಿದು ಕೈ ಖಾಲಿಯಾಗುವುದು ಜೂನ್‌ನಿಂದ ಸೆಪ್ಟೆಂಬರ್. ದಯವಿಟ್ಟು ಬೀಚ್ ಹೇಳಬೇಡಿ, ವರ್ಷವಿಡೀ ಅದನ್ನೇ ನೋಡಿ ಸಾಕಾಗಿದೆ. ಬೆಟ್ಟ, ಚಹಾ, ಪ್ರಾಣಿ, ಇಷ್ಟು ಸಾಕು. ಮಳೆಯಲ್ಲಿ ಬೆಟ್ಟ ಹೇಗೆ?

ಅರ್ಧ ಬೆಟ್ಟ ಒದ್ದೆ, ಅರ್ಧ ಬೆಟ್ಟ ಒಣ. ನುವರ ಎಳಿಯ, ಹ್ಯಾಟನ್ ಕಡೆ ನಿಮ್ಮ ಜುಲೈನಲ್ಲಿ ಮಳೆ ಮತ್ತು ಮಂಜು. ಅದೇ ರೈಲಿನಲ್ಲಿ ಮುಂದೆ ಹೋಗಿ. ಪಟ್ಟಿಪೊಳ ಅನ್ನುವ ನಿಲ್ದಾಣ ಬರುತ್ತದೆ, ಲಂಕೆಯಲ್ಲಿ ಎಲ್ಲಕ್ಕಿಂತ ಎತ್ತರದ್ದು. ಅದಾದ ಮೇಲೆ ಗುಡ್ಡದ ನೆತ್ತಿಯ ಕೆಳಗೆ ಒಂದು ಸುರಂಗ. ನಾನು ಎರಡನೇ ಸಲ ಹೋದಾಗ ಸುರಂಗದ ಈಚೆ ಕಿಟಕಿಗೆ ಮಳೆ ಹೊಡೆಯುತ್ತಿತ್ತು, ಆಚೆ ಹೊರಬಂದರೆ ಬಿಸಿಲು. ಬೋಗಿಯಲ್ಲಿದ್ದವರೆಲ್ಲ ಓಹ್ ಅಂದರು. ಪಕ್ಕದಲ್ಲಿ ಕೂತಿದ್ದ ಅಲ್ಲಿನ ಅಜ್ಜಿ ಮಾತ್ರ ಏನೂ ಆಗದವಳ ಹಾಗೆ ಶಾಲು ತೆಗೆದು ಮಡಚಿಟ್ಟಳು.

ಆ ಆಚೆ ಬದಿಯೇ ಊವ ಪ್ರಾಂತ್ಯ: ಹಪುತಳೆ, ಬಂಡಾರವೆಲ, ಎಲ್ಲ. ಊರಿನ ಹೆಸರೇ ಎಲ್ಲ, ನಾನು ಅರ್ಧಕ್ಕೆ ನಿಲ್ಲಿಸಿದ್ದಲ್ಲ. ಒಂಬತ್ತು ಕಮಾನಿನ ಸೇತುವೆ ಅದರ ಹತ್ತಿರವೇ ಇದೆ. ಊವದ ಚಹಾಕ್ಕೆ ವರ್ಷದ ಅತಿ ಒಳ್ಳೆಯ ಕೊಯ್ಲು ಜುಲೈನಿಂದ ಸೆಪ್ಟೆಂಬರ್‌ವರೆಗೆ, ಯಾಕೆಂದರೆ ಮೇಲೆ ಹೇಳಿದ ಒಣಗಾಳಿ ಎಲೆಯ ನೀರನ್ನು ಎಳೆದು ಪರಿಮಳವನ್ನು ಗಟ್ಟಿ ಮಾಡುತ್ತದೆ. ನುವರ ಎಳಿಯ, ದಿಂಬುಲ ಕಡೆಯ ಚಹಾಕ್ಕೆ ಅದೇ ಭಾಗ್ಯ ಜನವರಿಯಿಂದ ಮಾರ್ಚ್‌ವರೆಗೆ. ಚಹಾ ಕೊಳ್ಳುವವರೂ ಯಾವ ಬದಿ, ಯಾವ ತಿಂಗಳು ಅಂತ ಕೇಳಿಯೇ ಕೊಳ್ಳುತ್ತಾರೆ, ನಾವು ಮಾತ್ರ ಕೇಳದೆ ಟಿಕೆಟ್ ತೆಗೆಸುತ್ತೇವೆ ಅಲ್ವಾ?

ಪ್ರಾಣಿಗೆ ಯಾಲ ಕಾಡು. ಜೂನ್, ಜುಲೈನಲ್ಲಿ ನೀರು ಕಡಿಮೆಯಾಗಿ ಚಿರತೆ, ಕರಡಿ ಗುಂಡಿಗಳ ಬಳಿ ಬರುತ್ತವೆ. ಸೆಪ್ಟೆಂಬರ್‌ಗೆ ಇಟ್ಟುಕೊಳ್ಳಬೇಡಿ, ಎಲ್ಲರೂ ಹೋಗುವ ಆ ಒಂದನೇ ಭಾಗವನ್ನು ಸಾಮಾನ್ಯವಾಗಿ ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚುತ್ತಾರೆ. ಉಡವಲವೆಯಲ್ಲಿ ಆನೆ ವರ್ಷವಿಡೀ ಕಾಣುತ್ತದೆ.

ಮುಲುಂಡ್‌ನಿಂದ: ಮುಂದಿನ ವಾರ ಹೊರಡಬೇಕು, ಏಪ್ರಿಲ್ ಮೊದಲ ವಾರ. ಮೊಬೈಲಿನಲ್ಲಿ ಹತ್ತು ದಿನವೂ ಮೋಡ, ಮಿಂಚಿನ ಚಿತ್ರ. ಕ್ಯಾನ್ಸಲ್ ಮಾಡಲೇ?

ಬೇಡ. ಅದು ನಮ್ಮ ಊರಿನ ಬೇಸಿಗೆ ಮಳೆಯ ಥರ. ಬೆಳಗ್ಗೆ ಬಿಸಿಲು, ಮಧ್ಯಾಹ್ನ ಮೋಡ ಕಟ್ಟಿ, ಮೂರು ನಾಲ್ಕಕ್ಕೆ ಗುಡುಗಿ ಸುರಿದು, ಸಂಜೆಗೆ ತಣ್ಣಗಾಗುತ್ತದೆ. ದಿನದಲ್ಲಿ ಒಂದು ಗಂಟೆ ಮಳೆ ಬಂದರೂ ಮೊಬೈಲು ಇಡೀ ದಿನಕ್ಕೆ ಅದೇ ಚಿತ್ರ ಹಾಕುತ್ತದೆ. ನೋಡುವುದನ್ನೆಲ್ಲ ಬೆಳಗ್ಗೆ ಏಳರಿಂದ ಒಂದರೊಳಗೆ ಮುಗಿಸಿ, ಮಧ್ಯಾಹ್ನ ಮಲಗಿ.

ಪನ್ವೇಲ್‌ನಿಂದ: ತುಳಸಿ ಪೂಜೆ ಆದ ಮೇಲೆ ನವೆಂಬರ್ ಕೊನೆಗೆ ನನ್ನ ಮದುವೆ. ಮದುವೆಯಾಗಿ ನಾಲ್ಕೇ ದಿನಕ್ಕೆ ಲಂಕೆಗೆ ಹೋಗುವ ಯೋಚನೆ.

ಮದುವೆಗೆ ಶುಭಾಶಯ. ಹೋಗುವುದನ್ನು ಮಾತ್ರ ಜನವರಿ ಎರಡನೇ ವಾರ ದಾಟಿಸಿ. ನವೆಂಬರ್ ಕೊನೆ ಅಂದರೆ ಚಂಡಮಾರುತದ ಕಾಲ, ಕಡಲು ಪೂರ್ತಿ ತಣ್ಣಗಾಗಿರುವುದಿಲ್ಲ. ಸಂಕ್ರಾಂತಿ ಕಳೆದ ಮೇಲೆ ದಕ್ಷಿಣದ ದಂಡೆಯಲ್ಲಿ ಬಿಸಿಲು ಗಟ್ಟಿ, ಹೊಸ ವರ್ಷದ ಬಾಡಿಗೆಯೂ ಇಳಿದಿರುತ್ತದೆ. ಅಷ್ಟರಲ್ಲಿ ನೆಂಟರ ಮನೆ ಊಟಗಳೂ ಮುಗಿದಿರುತ್ತವೆ.

ಪುಣೆಯ ನಿಗಡಿಯಿಂದ ನಾಲ್ವರು ಗೆಳೆಯರು: ಅಕ್ಕಾ, ಮೂರೇ ದಿನ ಹೋಗುವವರು ನಾವು, ಮೇ ತಿಂಗಳ ವೀಕೆಂಡ್. ಗುಂಡು ಹಾಕುವುದೂ ಇದೆ, ಮುಚ್ಚಿಡುವುದು ಯಾಕೆ. ಯಾವ ದಿನ ಏನಾದರೂ ಮುಚ್ಚಿರುತ್ತದಾ?

ಪ್ರತಿ ಹುಣ್ಣಿಮೆ. ಅವರು ಅದಕ್ಕೆ ಪೋಯ ಅನ್ನುತ್ತಾರೆ, ಇಡೀ ದೇಶಕ್ಕೆ ರಜೆ, ಅವತ್ತು ಮದ್ಯ ಮಾರುವ ಹಾಗಿಲ್ಲ. ಮೇ ತಿಂಗಳದ್ದು ಎಲ್ಲಕ್ಕಿಂತ ದೊಡ್ಡದು, ವೆಸಾಕ್, ಬುದ್ಧ ಹುಟ್ಟಿದ ದಿನ, ಒಂದಲ್ಲ ಎರಡು ದಿನ ರಜೆ. ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಬುದ್ಧ ಪೂರ್ಣಿಮೆ ಯಾವಾಗ ಅಂತ ನೋಡಿ ಟಿಕೆಟ್ ತೆಗೆಸಿ. ನನ್ನನ್ನು ಕೇಳಿದರೆ ತಪ್ಪಿಸಬೇಡಿ, ಅವತ್ತೇ ಹೋಗಿ. ಕೊಲಂಬೊದಲ್ಲಿ ಮನೆಮನೆಗೆ ಕಾಗದದ ಗೂಡುದೀಪ, ನಮ್ಮ ಕರಾವಳಿಯ ದೀಪಾವಳಿಯ ಹಾಗೆಯೇ. ರಸ್ತೆ ಬದಿಯಲ್ಲಿ ದನ್ಸಲ್ ಅಂತ ಚಪ್ಪರ ಹಾಕಿ ದಾರಿಹೋಕರಿಗೆಲ್ಲ ಊಟ, ಪಾನಕ, ಕೆಲವು ಕಡೆ ಐಸ್‌ಕ್ರೀಮು ಕೂಡ ಪುಕ್ಕಟೆ ಕೊಡುತ್ತಾರೆ. ಸಾಲು ಉದ್ದ ಇರುತ್ತದೆ. ನೀವು ನಾಲ್ವರಿದ್ದೀರಿ, ಇಬ್ಬರು ಊಟದ ಸಾಲಿಗೆ ನಿಲ್ಲಿ, ಇಬ್ಬರು ಐಸ್‌ಕ್ರೀಮಿನದಕ್ಕೆ.